36 ವರ್ಷ ಸೆನೆಟರ್ ಆಗಿದ್ದ ರಿಚರ್ಡ್ ಲೂಗರ್ 2012ರಲ್ಲಿ ಸ್ವಪಕ್ಷದ ಪ್ರಾಥಮಿಕ ಚುನಾವಣೆಯಲ್ಲೇ ಸೋತದ್ದು ಏಕೆ?

ಅಮೆರಿಕದಲ್ಲಿ ಪಕ್ಷದ ಅಭ್ಯರ್ಥಿಯನ್ನು ವರಿಷ್ಠರು ಆರಿಸುವುದಿಲ್ಲ, ಪ್ರಾಥಮಿಕ ಚುನಾವಣೆಯ ಮತದಾರರು ಆರಿಸುತ್ತಾರೆ. ಅಲ್ಲಿ ಮತ ಹಾಕುವವರು ಕಡಿಮೆ. ಬರುವವರಲ್ಲಿ ಕಟ್ಟಾ ನಿಲುವಿನವರೇ ಹೆಚ್ಚು. ಇಂಡಿಯಾನಾ ರಾಜ್ಯದ ರಿಪಬ್ಲಿಕನ್ ಲೂಗರ್ 2006ರಲ್ಲಿ ಎಷ್ಟು ಪ್ರಬಲರಾಗಿದ್ದರೆಂದರೆ, ಡೆಮಾಕ್ರಟಿಕ್ ಪಕ್ಷ ಅವರ ವಿರುದ್ಧ ಅಭ್ಯರ್ಥಿಯನ್ನೇ ನಿಲ್ಲಿಸಿರಲಿಲ್ಲ. ಸೋವಿಯತ್ ಒಕ್ಕೂಟದ ಅಣ್ವಸ್ತ್ರಗಳನ್ನು ನಾಶಮಾಡಿಸಲು ಡೆಮಾಕ್ರಟಿಕ್ ಪಕ್ಷದ ಸ್ಯಾಮ್ ನನ್ ಜೊತೆ 1991ರಲ್ಲಿ ಅವರು ತಂದ ಯೋಜನೆ ಜಗತ್ತಿಗೇ ಉಪಕಾರ ಮಾಡಿತು. ಆದರೆ ವಿರೋಧಿಗಳೊಂದಿಗಿನ ಆ ಸಹಕಾರವನ್ನೇ ರಿಪಬ್ಲಿಕನ್ನರೊಳಗಿನ ಕಟ್ಟಾ ಬಲಪಂಥೀಯರಾದ ಟೀ ಪಾರ್ಟಿ ಬಣ ಅಪರಾಧವೆಂದು ಬಿಂಬಿಸಿತು. ಡೆಮಾಕ್ರಟಿಕ್ ಅಧ್ಯಕ್ಷ ಒಬಾಮ ಹೆಸರಿಸಿದ ಇಬ್ಬರು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ನೇಮಕಕ್ಕೆ ಲೂಗರ್ ಸೆನೆಟ್‌ನಲ್ಲಿ ಒಪ್ಪಿಗೆಯ ಮತ ನೀಡಿದ್ದೂ ಮುಳುವಾಯಿತು.

ಅವರದೂ ತಪ್ಪಿತ್ತು: ತಾವು ಪ್ರತಿನಿಧಿಸುತ್ತಿದ್ದ ಇಂಡಿಯಾನಾದಲ್ಲಿ ಸ್ವಂತ ಮನೆಯನ್ನೇ ಉಳಿಸಿಕೊಂಡಿರಲಿಲ್ಲ. ಪ್ರಾಥಮಿಕ ಚುನಾವಣೆಯಲ್ಲಿ ಸುಮಾರು ಶೇ 60 ಮತ ಪಡೆದು ಲೂಗರ್ ವಿರುದ್ಧ ಗೆದ್ದ ರಿಚರ್ಡ್ ಮರ್ಡಾಕ್, ಅತ್ಯಾಚಾರದಿಂದಾಗುವ ಗರ್ಭಧಾರಣೆಯ ಬಗ್ಗೆ ಆಡಿದ ಮಾತಿಗೆ ಬೆಲೆ ತೆತ್ತು ನವೆಂಬರ್‌ನ ಅಂತಿಮ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಜೋ ಡಾನೆಲಿ ಎದುರು ಸೋತರು.