ಹೆಣ್ಣಿನ ಹೆಸರು ಸಿಗಬೇಕೆಂದರೆ ಜಗಳದ ಕಾಗದ ಹುಡುಕಿ

ಪ್ರಶ್ನೆ: ನಮ್ಮ ಮೂಲ ರೋಣ ತಾಲೂಕಿನ ಒಂದು ಹಳ್ಳಿ. ನನ್ನ ಅಜ್ಜನ ಅಜ್ಜಿ ‘ದೊಡ್ಡ ಬರದಾಗ ಮೊಲೆಗೂಸು’ ಇದ್ದಳಂತೆ. ಸಣ್ಣ ವಯಸ್ಸಿನಲ್ಲೇ ಗಂಡ ತೀರಿಕೊಂಡ. ಎರಡು ಗಂಡುಮಕ್ಕಳನ್ನು ಕಟ್ಟಿಕೊಂಡು ಒಕ್ಕಲುತನ ಮಾಡಿದಳು ಅಂತ ಮನೆಯಲ್ಲಿ ಹೇಳುತ್ತಾರೆ. ನಮಗೆ ಗೊತ್ತಿರುವುದು ಆಕೆಯ ಹೆಸರೊಂದೇ. ತವರು ಬಾದಾಮಿ ಕಡೆ ಅಂತ ಒಬ್ಬರು, ಕುಷ್ಟಗಿ ಕಡೆ ಅಂತ ಇನ್ನೊಬ್ಬರು. ಆನ್‌ಲೈನ್ ಪಹಣಿ ತೆಗೆದರೆ ಕಾಕಾನ ಹೆಸರಷ್ಟೇ ಬರುತ್ತದೆ. ಆಕೆಯ ಅಪ್ಪ ಯಾರು, ಊರು ಯಾವುದು ಅಂತ ತಿಳಿಯಲು ದಾರಿ ಇದೆಯೇ?
– ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ಇದೆ. ಆದರೆ ಆಕೆ ಹುಟ್ಟಿದ್ದು ಎಲ್ಲಿ ಬರೆದಿದೆ ಅಂತ ಹುಡುಕುತ್ತಾ ಹೊರಟರೆ ಬರಿಗೈಲಿ ವಾಪಸ್ ಬರುತ್ತೀರಿ. ಆ ಕಾಲದಲ್ಲಿ ಹಳ್ಳಿಯ ಹೆಣ್ಣು ಹುಟ್ಟಿದ್ದಕ್ಕೆ, ಮದುವೆಯಾಗಿದ್ದಕ್ಕೆ ಸರ್ಕಾರ ತಲೆ ಕೆಡಿಸಿಕೊಂಡದ್ದು ಕಡಿಮೆ. ಗಂಡ ಸತ್ತು ಭೂಮಿ ಯಾರ ಹೆಸರಿಗೆ ಅನ್ನುವ ಪ್ರಶ್ನೆ ಎದ್ದಾಗ ಮಾತ್ರ ಆಕೆಯ ಹೆಸರು ಕಾಗದಕ್ಕೆ ಬರುತ್ತಿತ್ತು. ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಬಹಳ ವರ್ಷ ಧೂಳು ಕುಡಿದವಳಾಗಿ ಹೇಳುತ್ತೇನೆ: ಸುಖವಾಗಿ ಸಂಸಾರ ಮಾಡಿದ ಹೆಣ್ಣು ಕಡತದಲ್ಲಿ ಸಿಗುವುದೇ ಇಲ್ಲ. ಗಂಡ ಸತ್ತಾಗ, ಸಾಲವಾದಾಗ, ಮೈದುನ ಪಾಲು ಕೇಳಿದಾಗ ಸಿಗುತ್ತಾಳೆ. ನಿಮ್ಮ ಅಜ್ಜಿಗೆ ಬಂದ ಕಷ್ಟವೇ ಈಗ ನಿಮಗೆ ಅನುಕೂಲ. ಕೇಳಲು ಚೆನ್ನಾಗಿಲ್ಲ, ಆದರೆ ನಿಜ.

ಮೊದಲು ಕಾಲ ಗೊತ್ತು ಮಾಡಿಕೊಳ್ಳಿ. ದೊಡ್ಡ ಬರ ಅಂದರೆ 1876ರಿಂದ 78ರ ಬರ. ಹಳೇ ಮೈಸೂರಿನವರು ಧಾತು ಈಶ್ವರದ ಬರ ಅನ್ನುತ್ತಾರೆ, ಆ ಎರಡು ಸಂವತ್ಸರಗಳ ಹೆಸರಿನಿಂದ. ಆಗ ಮೊಲೆಗೂಸು ಅಂದರೆ 1875ರಿಂದ 77ರೊಳಗೆ ಹುಟ್ಟಿರಬೇಕು. ಮುಂಬಯಿ ಪ್ರಾಂತ್ಯಕ್ಕೆ ಹಕ್ಕುದಾಖಲೆಯ ಕಾಯ್ದೆ ಬಂದದ್ದು 1903ರಲ್ಲಿ. ಆಗ ಆಕೆಗೆ ಇಪ್ಪತ್ತಾರರಿಂದ ಇಪ್ಪತ್ತೆಂಟು ವಯಸ್ಸು. ಆ ಹೊತ್ತಿಗೆ ಗಂಡ ಸತ್ತಿದ್ದು, ಮಕ್ಕಳು ಸಣ್ಣವರಿದ್ದರೆ ನಿಮ್ಮ ಅದೃಷ್ಟ. ಅದಕ್ಕೂ ಮುಂಚಿನ ಲೆಕ್ಕದಲ್ಲಿ ಕಂದಾಯ ಕಟ್ಟುವ ಖಾತೆದಾರನ ಹೆಸರೇ ಮುಖ್ಯ, ಮನೆಯೊಳಗಿನ ಪಾಲು ಪಂಚಾಯ್ತಿಗೆ ಅಲ್ಲಿ ಜಾಗವಿರಲಿಲ್ಲ. 1903ರ ನಂತರ ಯಾರಿಗೆ ಎಷ್ಟು ಹಕ್ಕು, ಯಾರಲ್ಲಿ ಅಡವು, ಎಲ್ಲ ಬರೆಯಲು ಶುರುವಾಯಿತು.

ನೀವು ನೋಡಿದ ಆನ್‌ಲೈನ್ ಪಹಣಿ ‘ಭೂಮಿ’ ಯೋಜನೆಯದು. ಅದರ ವಯಸ್ಸು ಇಪ್ಪತ್ತು ಚಿಲ್ಲರೆ ವರ್ಷ, ಅಷ್ಟೇ. ಆದರೂ ಅದು ಬೇಕು, ಸರ್ವೆ ನಂಬರ್ ಸಿಗುವುದು ಅಲ್ಲಿಂದಲೇ. ಆ ನಂಬರ್ ಹಿಡಿದು ತಾಲೂಕು ಕಚೇರಿಯಲ್ಲಿ ನಕಲಿನ ಅರ್ಜಿ ಕೊಡಿ. ಕೈಬರಹದ ಉತಾರ (ಹಳೇ ಪಹಣಿ), ಹಕ್ಕಿನ ಪತ್ರಕ, ಡೈರಿ (ಹಕ್ಕು ಬದಲಾದಾಗ ಬರೆದಿಡುವ ಪುಸ್ತಕ), ಮೂರನ್ನೂ ಹೆಸರಿಸಿ ಕೇಳಿ. ‘ಹಳೇ ದಾಖಲೆ ಕೊಡಿ’ ಅಂತ ಸುಮ್ನೆ ಬರೆದರೆ ನಿಮಗೆ ಕೊಡುವುದು 1965ರದ್ದೋ 70ರದ್ದೋ. ಇಂದಿನ ಪಹಣಿಯ ಕಾಲಂನಲ್ಲಿ ಡೈರಿ ನಂಬರ್ ಇರುತ್ತದೆ. ಆ ಡೈರಿಯಲ್ಲಿ ಅದರ ಹಿಂದಿನ ನಂಬರ್ ಇರುತ್ತದೆ. ಹಾಗೆ ಒಂದೊಂದೇ ಮೆಟ್ಟಿಲು ಇಳಿಯಬೇಕು. ನಡುವೆ ಹಿಸ್ಸಾ ಆಗಿ ನಂಬರ್ ಒಡೆದಿದ್ದರೆ ಆಕಾರಬಂದ್ (ಸರ್ವೆ ನಂಬರ್‌ವಾರು ವಿಸ್ತೀರ್ಣ, ಕಂದಾಯದ ಪಟ್ಟಿ) ನೋಡಿ ಮೂಲ ನಂಬರ್ ಹಿಡಿಯಿರಿ. ಗದಗ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮುಂಚೆ ರೋಣ ಧಾರವಾಡ ಜಿಲ್ಲೆಗೆ ಸೇರಿತ್ತು. ಹಳೇ ಕಟ್ಟು ಗದಗದಲ್ಲಿ ಸಿಗದಿದ್ದರೆ ಧಾರವಾಡದಲ್ಲೂ ವಿಚಾರಿಸಿ.

ಕೈಗೆ ಬಂದ ಹಾಳೆಯಲ್ಲಿ ಏನು ನೋಡಬೇಕು? ಗಂಡಸಿನ ಹೆಸರಿನ ಮುಂದೆ ‘ಬಿನ್’, ಆಮೇಲೆ ಅಪ್ಪನ ಹೆಸರು. ಹೆಂಗಸಿನ ಮುಂದೆ ‘ಕೋಂ’, ಆಮೇಲೆ ಗಂಡನ ಹೆಸರು. ಅಂದರೆ ಮದುವೆಯಾದ ಹೆಣ್ಣಿನ ಅಪ್ಪನ ಹೆಸರನ್ನು ಕಾಗದವೇ ಅಳಿಸಿ ಹಾಕಿರುತ್ತದೆ. ‘ಅ.ಪಾ.ಕ. ತಾಯಿ’ ಅಂತ ಕಂಡರೆ ಅಲ್ಲಿ ಬೆರಳಿಟ್ಟು ನಿಲ್ಲಿ. ಅಜ್ಞಾನ ಪಾಲನಕರ್ತ ತಾಯಿ ಅಂತ ಅದರ ಪೂರ್ತಿ ರೂಪ. ವಯಸ್ಸಿಗೆ ಬಾರದ ಮಕ್ಕಳ ಪರವಾಗಿ ಆಸ್ತಿ ನೋಡಿಕೊಳ್ಳುವವಳು. ನಿಮ್ಮ ಅಜ್ಜಿ ಸಿಗುವುದಾದರೆ ಹೆಚ್ಚಾಗಿ ಈ ಮೂರಕ್ಷರದ ಪಕ್ಕದಲ್ಲೇ.

ಇನ್ನೊಂದು ವಿಷಯ. ಕೆಲವು ವರ್ಷ ಹೆಸರಿದ್ದು ಆಮೇಲೆ ಥಟ್ಟನೆ ಕಮ್ಮಿಯಾದರೆ ಸತ್ತಳು ಅಂತ ತೀರ್ಮಾನಿಸಬೇಡಿ. ನಮ್ಮ ಕಡೆ ಬಹಳ ಜನರಲ್ಲಿ ಉಡಿಕೆ, ಅಂದರೆ ವಿಧವೆಯ ಮರುಮದುವೆಯ ಪದ್ಧತಿ ಇತ್ತು. 1856ರ ವಿಧವಾ ವಿವಾಹ ಕಾಯ್ದೆಯ ಪ್ರಕಾರ ಮರುಮದುವೆಯಾದ ಹೆಣ್ಣಿಗೆ ಮೊದಲ ಗಂಡನ ಆಸ್ತಿಯಲ್ಲಿ ಇದ್ದ ಹಕ್ಕು ಹೋಗುತ್ತಿತ್ತು. ಡೈರಿಯಲ್ಲಿ ಹೆಸರು ಕಮ್ಮಿ ಮಾಡಿದ ಕಾರಣವನ್ನೂ ಓದಿ. ಮನೆಯವರು ಬಾಯಿ ಬಿಡದ ಎಷ್ಟೋ ಸಂಗತಿ ಆ ಒಂದು ಸಾಲಿನಲ್ಲಿ ಇರುತ್ತದೆ.

ಈಗ ತವರಿನ ವಿಚಾರಕ್ಕೆ ಬರೋಣ. ಇದಕ್ಕೆ ಕಂದಾಯ ಕಚೇರಿಗಿಂತ ಸಬ್ ರಿಜಿಸ್ಟ್ರಾರ್ ಕಚೇರಿಯೇ ವಾಸಿ. ಅಲ್ಲಿಯ ಒಂದನೇ ಪುಸ್ತಕದಲ್ಲಿ ಸ್ಥಿರಾಸ್ತಿಯ ಪತ್ರಗಳಿರುತ್ತವೆ. ಆ ಪುಸ್ತಕವನ್ನೂ ಅದರ ಸೂಚಿಯನ್ನೂ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಸೂಚಿ ಎರಡು ಥರ: ಒಂದು ಜನರ ಹೆಸರಿನ ಪ್ರಕಾರ, ಇನ್ನೊಂದು ಆಸ್ತಿಯ ಪ್ರಕಾರ. ವಿಧವೆ ತಾಯಿ ಮಕ್ಕಳ ಭೂಮಿಯನ್ನು ಮನಸ್ಸಿಗೆ ಬಂದಂತೆ ಮಾರುವ ಹಾಗಿರಲಿಲ್ಲ. ಕಾನೂನಿಗೆ ಒಪ್ಪುವ ಕಾರಣ ಬೇಕಿತ್ತು. ಅದಕ್ಕೇ ಪತ್ರದಲ್ಲಿ ಎಲ್ಲವನ್ನೂ ಬಿಚ್ಚಿ ಬರೆಸುತ್ತಿದ್ದರು: ಗಂಡನ ಸಾಲ ಇಷ್ಟು, ಕಂದಾಯ ಬಾಕಿ ಇಷ್ಟು, ಮಗಳ ಲಗ್ನಕ್ಕೆ ಇಷ್ಟು. ಮನೆಯ ಕಥೆಯನ್ನು ಇದಕ್ಕಿಂತ ಚೆನ್ನಾಗಿ ಯಾವ ಮುದುಕರೂ ಹೇಳಲಾರರು.

ಪತ್ರದ ಕೊನೆಗೆ ಸಾಕ್ಷಿಗಳ ಹೆಸರು ಇರುತ್ತದಲ್ಲ, ಜನ ಅದನ್ನು ಓದುವುದೇ ಇಲ್ಲ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಗಂಡಿಲ್ಲದ ಹೆಣ್ಣು ಅಡವು ಪತ್ರ ಮಾಡಿಕೊಡುವಾಗ ಜೊತೆಗೆ ಯಾರು ಬರುತ್ತಾರೆ? ಅಣ್ಣನೋ ತಮ್ಮನೋ ಬರುತ್ತಾನೆ. ಬೇರೆ ತಾಲೂಕಿನ ಊರಿನ ಒಬ್ಬ ಸಾಕ್ಷಿ ಕಂಡರೆ ಅವನ ಹೆಸರು, ‘ಬಿನ್’ ಮುಂದಿನ ಹೆಸರು, ಊರು ಬರೆದುಕೊಳ್ಳಿ. ಅವನು ಅಣ್ಣನೇ ಆಗಿದ್ದರೆ ‘ಬಿನ್’ ಮುಂದೆ ಇರುವುದೇ ನೀವು ಹುಡುಕುತ್ತಿರುವ ಅಪ್ಪ.

ಅಣ್ಣನೇ ಅಂತ ಖಾತ್ರಿ ಮಾಡಿಕೊಳ್ಳುವುದು ಹೇಗೆ ಅಂದರೆ, ಆಕೆಯ ಸೊಸೆಯರ ತವರು ವಿಚಾರಿಸಿ. ನಮ್ಮಲ್ಲಿ ಸೋದರಮಾವನ ಮಗಳನ್ನು ತರುವುದು ರೂಢಿ. ಅತ್ತೆ ತನ್ನ ತವರಿನಿಂದಲೇ ಸೊಸೆ ತಂದಿರುವ ಸಾಧ್ಯತೆ ಜಾಸ್ತಿ. ಸೊಸೆಯ ಕಾಲ ಹತ್ತಿರದ್ದು, ಆಕೆಯ ಊರು ಮನೆಯಲ್ಲಿ ಯಾರಿಗಾದರೂ ನೆನಪಿರುತ್ತದೆ. ಮಕ್ಕಳ ಹೆಸರುಗಳನ್ನೂ ನೋಡಿ. ಮನೆತನದಲ್ಲಿ ಇದ್ದಕ್ಕಿದ್ದಂತೆ ಬನಶಂಕರಿ ಬಂದರೆ ಬಾದಾಮಿ ಕಡೆ ಕಿವಿ ನಿಮಿರಬೇಕು. ಕಳಕಪ್ಪ ಕಳಕವ್ವ ಬಂದರೆ ಗಜೇಂದ್ರಗಡದ ಕಾಲಕಾಲೇಶ್ವರ. ಇದು ಪುರಾವೆಯಲ್ಲ, ದಾರಿ ತೋರಿಸುವ ಕೈಮರ.

ಬಾದಾಮಿಯೋ ಕುಷ್ಟಗಿಯೋ ಅನ್ನುವುದು ಸಣ್ಣ ಪ್ರಶ್ನೆಯಲ್ಲ. ಆಗ ಬಾದಾಮಿ ಕಲಾದಗಿ ಜಿಲ್ಲೆಯಲ್ಲಿತ್ತು, ಆಮೇಲೆ ಜಿಲ್ಲಾ ಕೇಂದ್ರ ವಿಜಾಪುರಕ್ಕೆ ಹೋಯಿತು. ಅದೂ ಮುಂಬಯಿ ಪ್ರಾಂತ್ಯವೇ, ಆದ್ದರಿಂದ ಮೇಲೆ ಹೇಳಿದ ಕ್ರಮವೇ ನಡೆಯುತ್ತದೆ. ಕುಷ್ಟಗಿ ನಿಜಾಮನ ಸೀಮೆ. ಅಲ್ಲಿಯ ಹಳೇ ಕಾಗದ ಉರ್ದು, ಫಾರ್ಸಿಯಲ್ಲಿ ಇರುತ್ತದೆ, ಮೇಲಿನ ಹಂತದ ದಫ್ತರು ಹೈದರಾಬಾದಿನ ಪತ್ರಾಗಾರದಲ್ಲಿ. ಬಾದಾಮಿ ಕಡೆಯಾದರೂ ಆಕೆಯ ಅಜ್ಜನ ಕಾಲಕ್ಕೆ ಹೋದರೆ ಕಾಗದವೆಲ್ಲ ಮೋಡಿ ಲಿಪಿ, ಮರಾಠಿ ಭಾಷೆ. ಆ ಕಾಗದಗಳಲ್ಲಿ ಓದು ಬಾರದ ರೈತನ ನಿಶಾನಿ (ಸಹಿಯ ಬದಲು ಹಾಕುವ ಗುರುತು) ನೇಗಿಲಿನ ಚಿತ್ರ, ಹೆಣ್ಣಿನ ನಿಶಾನಿ ಬಳೆ. ಮೋಡಿ ಬಾರದಿದ್ದರೂ ಬಳೆಯ ಗುರುತು ಕಂಡರೆ ಆ ಹಾಳೆಯ ಫೋಟೋ ತೆಗೆದುಕೊಂಡು ಮೋಡಿ ಬಲ್ಲವರ ಹತ್ತಿರ ಹೋಗಿ.

ಕೊನೆಯದಾಗಿ, ಅಥವಾ ಎಲ್ಲಕ್ಕಿಂತ ಮೊದಲು: ನಿಮ್ಮ ಮನೆತನದ ಹೆಳವರು ಯಾರು ಅಂತ ಊರಲ್ಲಿ ಕೇಳಿದ್ದೀರಾ? ಸುಗ್ಗಿ ಮುಗಿದ ಮೇಲೆ ಎತ್ತಿನ ಸಮೇತ ಬಂದು ವಂಶಾವಳಿ ಓದುವವರು. ಒಂದೊಂದು ಹೆಳವ ಮನೆತನಕ್ಕೆ ಇಂತಿಂಥ ಊರು, ಇಂತಿಂಥ ಮನೆ ಅಂತ ಹಂಚಿಕೆ ಇರುತ್ತದೆ. ಅವರ ಹೊತ್ತಿಗೆಯಲ್ಲಿ ಗಂಡಸರದೇ ಸಾಲು ಜಾಸ್ತಿ, ನಿಜ. ಆದರೂ ಹೆಣ್ಣು ತಂದ ಮನೆ ಯಾವುದು ಅಂತ ಕೇಳಿ ನೋಡಿ. ಸರ್ಕಾರಿ ಕಾಗದಕ್ಕೆ ಇರುವ ತೂಕ ಅದಕ್ಕಿಲ್ಲ ಅಂತ ಮೂಗು ಮುರಿಯುವವರು ಇದ್ದಾರೆ. ನಾನು ಇಬ್ಬರನ್ನೂ ಎದುರುಬದುರು ಕೂರಿಸಿ ನೋಡುತ್ತೇನೆ. ಸಾಕ್ಷಿದಾರನ ಊರು, ಹೆಳವರು ಹೇಳಿದ ಊರು ಎರಡೂ ಒಂದೇ ಆದರೆ ಆ ಊರಿನ ಬಸ್ ಹತ್ತಿ.

ಪ್ರಶ್ನೆ: 1881ರ ಮೈಸೂರು ಸಂಸ್ಥಾನದ ಜನಗಣತಿಯಲ್ಲಿ ನಮ್ಮ ಮುತ್ತಜ್ಜಿಯ ಹೆಸರು ಹುಡುಕಬಹುದೇ? ಊರು ಕುಣಿಗಲ್ ಹತ್ತಿರ.
– ಒಬ್ಬ ಓದುಗರು, ತುಮಕೂರು

ಉತ್ತರ: ಇಲ್ಲ. ಇಂಗ್ಲೆಂಡಿನವರು ಹಳೇ ಗಣತಿಯಲ್ಲಿ ಅಜ್ಜಿಯ ಹೆಸರು ಹುಡುಕುವುದನ್ನು ನೋಡಿ ನಮ್ಮಲ್ಲೂ ಬಹಳ ಜನ ಈ ಪ್ರಶ್ನೆ ಕೇಳುತ್ತಾರೆ. ನಮ್ಮಲ್ಲಿ ಮನೆಮನೆಯ ಚೀಟಿಗಳನ್ನು ಲೆಕ್ಕ ಮುಗಿದ ಮೇಲೆ ಇಟ್ಟುಕೊಳ್ಳಲಿಲ್ಲ. ಅಚ್ಚಾದ ಕೋಷ್ಟಕ ಮಾತ್ರ ಉಳಿದಿದೆ. ಅದರಲ್ಲಿ ಮುತ್ತಜ್ಜಿ ಇದ್ದಾಳೆ, ಒಂದು ಅಂಕಿಯಾಗಿ. 1871ರಲ್ಲಿ ಸಂಸ್ಥಾನದ ಜನ 50 ಲಕ್ಷ 55 ಸಾವಿರ, 1881ರಲ್ಲಿ 41 ಲಕ್ಷ 86 ಸಾವಿರ. ನಡುವೆ ಬಂದದ್ದು ಬರ. ನಿಮ್ಮ ಮುತ್ತಜ್ಜಿ ಆ ಎರಡನೇ ಸಂಖ್ಯೆಯಲ್ಲಿ ಉಳಿದವಳು. ಆಕೆಯ ಹೆಸರು ಬೇಕಾದರೆ ಜಮೀನಿನ ಪೌತಿ ಖಾತೆ (ಖಾತೆದಾರ ಸತ್ತ ಮೇಲೆ ವಾರಸುದಾರರ ಹೆಸರಿಗೆ ಆದ ಖಾತೆ) ಹಿಡಿಯಿರಿ. ಮನೆಯಲ್ಲಿ ಇನಾಂ ಇದ್ದಿದ್ದರೆ ಇನಾಂ ಕಡತ ಇನ್ನೂ ಒಳ್ಳೆಯದು, ಅದರಲ್ಲಿ ಹಕ್ಕು ಯಾರಿಂದ ಯಾರಿಗೆ ಇಳಿದು ಬಂತು ಅಂತ ತೋರಿಸಬೇಕಿತ್ತು.

ಪ್ರಶ್ನೆ: ನಮ್ಮದು ಬಂಟರ ಕುಟುಂಬ. ಹಳೇ ಕೋರ್ಟ್ ಕಾಗದದಲ್ಲಿ ಸಂತತಿ ನಕ್ಷೆ ಸಿಕ್ಕಿದೆ. ಮೇಲ್ತುದಿಯಲ್ಲಿ ಒಬ್ಬ ಹೆಂಗಸಿನ ಹೆಸರಿದೆ, ಆಕೆಯ ಗಂಡನ ಹೆಸರೇ ಇಲ್ಲ. ಬರೆದವರು ಬಿಟ್ಟಿದ್ದಾರೆಯೇ?
– ಒಬ್ಬ ಓದುಗರು, ಉಡುಪಿ

ಉತ್ತರ: ಬಿಟ್ಟಿಲ್ಲ, ಅಳಿಯಸಂತಾನದ ಲೆಕ್ಕಕ್ಕೆ ಆತ ಬೇಕಾಗಿರಲಿಲ್ಲ! ಆಸ್ತಿ ತಾಯಿಯ ಕಡೆಯಿಂದ ಇಳಿಯುವಾಗ ನಕ್ಷೆಯೂ ತಾಯಿಯಿಂದಲೇ ಶುರು. ಕುಟುಂಬ ಕವರು ಕವರಾಗಿ, ಅಂದರೆ ಕವಲು ಕವಲಾಗಿ, ಒಡೆದಾಗಲೂ ಪ್ರತಿ ಕವರಿನ ತಲೆಯಲ್ಲಿ ಒಬ್ಬ ಹೆಣ್ಣು. ಮೇಲಿನ ರೋಣದ ಕುಟುಂಬದವರು ನಿಮ್ಮನ್ನು ನೋಡಿ ಹೊಟ್ಟೆಕಿಚ್ಚು ಪಡಬೇಕು. ನಿಮಗೆ ಕಷ್ಟವಾಗುವುದು ಅಜ್ಜಂದಿರನ್ನು ಹುಡುಕುವಾಗ. ಅದಕ್ಕೆ ಅವರವರ ತಾಯಿ ಮನೆಯ ವರ್ಗದ (ಜಮೀನಿನ ಹಿಡುವಳಿಯ) ಕಾಗದಗಳನ್ನು ನೋಡಬೇಕು.

ಪ್ರಶ್ನೆ: ನಮ್ಮ ಮುತ್ತಜ್ಜನ ಅಕ್ಕ ಬರದ ಕಾಲದಲ್ಲಿ ಮದ್ರಾಸಿಗೆ ಹೋಗಿ ಹಡಗು ಹತ್ತಿದಳು ಅಂತ ಮಾತಿದೆ. ಆಫ್ರಿಕಾಕ್ಕೆ ಅನ್ನುತ್ತಾರೆ. ಸುಳ್ಳಿರಬಹುದೇ?
– ಒಬ್ಬ ಓದುಗರು, ಬಳ್ಳಾರಿ

ಉತ್ತರ: ಕಾಲ ಹೊಂದುತ್ತದೆ. ದಕ್ಷಿಣ ಆಫ್ರಿಕಾದ ನಟಾಲ್‌ಗೆ 1860ರಿಂದ 1911ರವರೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಕರಾರಿನ ಕೂಲಿಗಳಾಗಿ ಹೋದರು, ಹೆಚ್ಚಿನವರು ಮದ್ರಾಸ್ ಬಂದರಿನಿಂದ. ನಡುವೆ ನಿಂತಿದ್ದ ಸಾಗಣೆ 1874ರಲ್ಲಿ ಮತ್ತೆ ಶುರುವಾಯಿತು, ಹಿಂದೆಯೇ ಬರ ಬಂತು. ಆ ಹಡಗಿನ ಪಟ್ಟಿಗಳು ಉಳಿದಿವೆ. ಅವುಗಳಲ್ಲಿ ಹೆಣ್ಣಿಗೂ ಸ್ವಂತ ನಂಬರ್, ಹೆಸರು, ವಯಸ್ಸು, ಜಾತಿ, ಜಿಲ್ಲೆ, ತಾಲೂಕು, ಊರು ಇರುತ್ತದೆ, ಜೊತೆಗೆ ಅಪ್ಪನ ಹೆಸರು. ಪಟ್ಟಿಗಳನ್ನು ಟೈಪ್ ಮಾಡಿ ಅಂತರ್ಜಾಲದಲ್ಲೂ ಹಾಕಿದ್ದಾರೆ. ಹುಡುಕುವಾಗ ಒಂದು ಕಿವಿಮಾತು: ಕನ್ನಡದ ಹೆಸರನ್ನು ಮದ್ರಾಸಿನ ಗುಮಾಸ್ತ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದಿರುತ್ತಾನೆ. ಆದ್ದರಿಂದ ಹೆಸರು ಬಿಡಿ. ಜಿಲ್ಲೆ ಬಳ್ಳಾರಿ, ಹೆಂಗಸು, ವಯಸ್ಸು ಇಷ್ಟರಿಂದ ಇಷ್ಟು ಅಂತ ಸೋಸಿ, ಉಳಿದ ಸಾಲುಗಳ ಊರಿನ ಹೆಸರನ್ನು ಜೋರಾಗಿ ಓದಿ ನೋಡಿ. ನಿಮ್ಮ ಊರಿನ ಹೆಸರು ಎಷ್ಟೇ ಕೆಟ್ಟ ಸ್ಪೆಲ್ಲಿಂಗಿನಲ್ಲಿದ್ದರೂ ನಿಮ್ಮ ಕಿವಿ ಹಿಡಿಯುತ್ತದೆ.