ಪಿಎಸ್‌ಐಗಳು ಹಾಕೋ ಕ್ರಾಸ್ ಬೆಲ್ಟ್ ಒಂದು ಕೈ ಇಲ್ಲದ ಆಫೀಸರ್‌ದಂತೆ, ನಿಜನಾ?

ಪ್ರಶ್ನೆ: ನನ್ನ ತಮ್ಮ ಪಿಎಸ್‌ಐ ಟ್ರೈನಿಂಗ್‌ನಲ್ಲಿದಾನೆ. ಪರೇಡ್‌ಗೆ ಹಾಕೋ ಕ್ರಾಸ್ ಬೆಲ್ಟ್‌ಗೆ ಸ್ಯಾಮ್ ಬ್ರೌನ್ ಬೆಲ್ಟ್ ಅಂತ ಹೆಸರು, ಕೈ ಕಳ್ಕೊಂಡ ಯಾರೋ ಬ್ರಿಟಿಷ್ ಆಫೀಸರ್ ಮಾಡಿಸಿದ್ದು ಅಂತಾನೆ. ಇದು ಬರೀ ಕಥೆನಾ ಸರ್? ಕೈ ಹೋದ್ಮೇಲೂ ಆತ ಆರ್ಮಿಲೇ ಇದ್ರಾ?

ಉತ್ತರ: ಕಥೆ ಅಲ್ಲ. ಸ್ಯಾಮ್ಯುಯೆಲ್ ಜೇಮ್ಸ್ ಬ್ರೌನ್ ಅಂತ ಪೂರ್ತಿ ಹೆಸರು, ಎಡಗೈ ಭುಜದ ಹತ್ರಾನೇ ತುಂಡಾಗಿತ್ತು, ಆಮೇಲೂ ಸೈನ್ಯ ಬಿಡದೆ 1888ರಲ್ಲಿ ಜನರಲ್ ಆದ್ರು.

ಹುಟ್ಟಿದ್ದು ಇಂಗ್ಲೆಂಡ್‌ನಲ್ಲಲ್ಲ, ಕಲ್ಕತ್ತಾ ಪಕ್ಕದ ಬ್ಯಾರಕ್‌ಪುರದಲ್ಲಿ, 1824ರಲ್ಲಿ. ಅಪ್ಪ ಕಂಪನಿ ಸರ್ಕಾರದ ಡಾಕ್ಟರ್. ಮೊದ್ಲು ಕಾಲಾಳು ಪಡೆಲಿದ್ರು, ಎರಡನೇ ಸಿಖ್ ಯುದ್ಧದಲ್ಲಿ ಚಿಲಿಯನ್‌ವಾಲಾ ಕಾಳಗ ಎಲ್ಲಾ ಕಂಡವರು. 1849ರಲ್ಲಿ ಪಂಜಾಬ್ ಕಂಪನಿ ಕೈಗೆ ಬಂದಾಗ ಗಡಿ ಕಾಯೋಕೆ ಹೊಸದಾಗಿ ಒಂದು ಕುದುರೆ ಪಡೆ ಕಟ್ಟಿ ಅಂತ ಇವರಿಗೆ ಹೇಳಿದ್ರು, ಅದೇ ಎರಡನೇ ಪಂಜಾಬ್ ಕ್ಯಾವಲ್ರಿ. ಅಲ್ಲಿ ಸವಾರ ತನ್ನ ಕುದುರೆ ತಾನೇ ತರಬೇಕಿತ್ತು, ನಮ್ಮ ಮೈಸೂರು ಸಂಸ್ಥಾನದಲ್ಲೂ ಸಿಲ್ಲೇದಾರ್ ಪಡೆ ಇತ್ತಲ್ಲ, ಅದೇ ಪದ್ಧತಿ. ಈ ಗಡಿ ಪಡೆ 1886ರವರೆಗೂ ಕಮಾಂಡರ್ ಇನ್ ಚೀಫ್ ಕೆಳಗೆ ಇರ್ಲಿಲ್ಲ, ನೇರ ಪಂಜಾಬ್ ಸರ್ಕಾರದ ಕೈಕೆಳಗೆ. ಪಠಾಣರು, ಬಲೂಚಿಗಳ ಬೆಟ್ಟದ ಅಂಚಲ್ಲಿ ವರ್ಷವಿಡೀ ಒಂದಲ್ಲ ಒಂದು ಚಕಮಕಿ, ಹಾಗಾಗಿ ಅಲ್ಲಿ ಪಳಗಿದ ಆಫೀಸರ್‌ಗಳ ಲೆವೆಲ್ಲೇ ಬೇರೆ.

ಕೈ ಹೋಗಿದ್ದು ಮಾತ್ರ ಗಡಿಲಲ್ಲ. 1857ರ ದಂಗೆ ಎದ್ದಾಗ ಇವರ ಪಡೆನ ಈ ಕಡೆ ಕರೆಸ್ಕೊಂಡ್ರು. 1858ರ ಆಗಸ್ಟ್ 31, ಪೀಲಿಭೀತ್ ಕಡೆಯ ಸಿರ್ಪುರಾ ಅನ್ನೋ ಹಳ್ಳಿ, ಎದುರಿಗೆ ಖಾನ್ ಅಲಿ ಖಾನ್ ಪಡೆ. ಬೆಳಕು ಹರಿಯೋ ಹೊತ್ತಿಗೆ ದಾರಿಗೆ ಅಡ್ಡ ಇಟ್ಟಿದ್ದ ತೋಪಿನ ಮೇಲೆ ಬ್ರೌನ್ ಒಬ್ಬನೇ ಒಬ್ಬ ಸವಾರನ್ನ ಕರ್ಕೊಂಡು ನುಗ್ಗಿದ್ರು, ತೋಪಿನವರು ಮತ್ತೆ ಮದ್ದು ತುಂಬೋಕೆ ಆಗ್ದಿರೋ ಹಾಗೆ ಕತ್ತಿಲಿ ಹೊಡೆದಾಡಿದ್ರು, ಮೊದ್ಲು ಎಡ ಮಂಡಿಗೆ ಏಟು ಬಿತ್ತು, ಸ್ವಲ್ಪ ಹೊತ್ತಿಗೆ ಇನ್ನೊಂದು ಏಟಿಗೆ ಎಡಗೈಯೇ ಹೋಯ್ತು. ತೋಪು ಇವರ ಕಡೆಯವರಿಗೆ ಸಿಕ್ತು. ಇದಕ್ಕೇ 1861ರಲ್ಲಿ ವಿಕ್ಟೋರಿಯಾ ಕ್ರಾಸ್, ಅಂದ್ರೆ ಬ್ರಿಟಿಷರ ಅತಿ ದೊಡ್ಡ ಶೌರ್ಯ ಪ್ರಶಸ್ತಿ, ಬಂತು.

ಇಲ್ಲೊಂದು ಮಾತು ಹೇಳ್ಲೇಬೇಕು. ಆ ಪ್ರಶಸ್ತಿಯ ಒಕ್ಕಣೆಲಿ ಜೊತೆಗಿದ್ದವನ ಹೆಸರೇ ಇಲ್ಲ, 'ಒಬ್ಬ ಆರ್ಡರ್ಲಿ ಸವಾರ' ಅಂತಷ್ಟೇ ಇದೆ. ಅವನೂ ಅದೇ ತೋಪಿನ ಬಾಯಿಗೆ ಕುದುರೆ ಓಡಿಸಿದವನು. ಭಾರತೀಯ ಸಿಪಾಯಿಗಳಿಗೆ ವಿಕ್ಟೋರಿಯಾ ಕ್ರಾಸ್ ಕೊಡಬಹುದು ಅಂತ ಆಗಿದ್ದೇ 1911ರಲ್ಲಿ, ಮೊದಲು ಪಡೆದಿದ್ದು ಖುದಾದಾದ್ ಖಾನ್, 1914ರ ಕಾಳಗಕ್ಕೆ. ಬ್ರೌನ್ ಧೈರ್ಯದ ಬಗ್ಗೆ ನಂಗೆ ಎರಡು ಮಾತಿಲ್ಲ, ಆದ್ರೆ ಈ ಕಥೆ ಹೇಳೋವಾಗೆಲ್ಲ ಆ ಸವಾರನ್ನ, ಹಾಗೇ ತೋಪು ಬಿಡದೆ ನಿಂತು ಸತ್ತ ಆ ಕಡೆಯವರನ್ನ ನೆನಿಬೇಕು ಅನ್ಸುತ್ತೆ, ಅವರೂ ನಮ್ಮೋರೇ.

ಈಗ ಬೆಲ್ಟ್ ವಿಷ್ಯ. ಆಗೆಲ್ಲ ಕತ್ತಿಯ ಒರೆ ಸೊಂಟದ ಪಟ್ಟಿಯಿಂದ ಚರ್ಮದ ಪಟ್ಟಿಗಳಲ್ಲಿ ಜೋತಾಡ್ತಿತ್ತು. ನಡೆಯುವಾಗ ಎಡಗೈಲಿ ಹಿಡ್ಕೋಬೇಕು, ಕತ್ತಿ ಹಿರಿಯುವಾಗ್ಲೂ ಎಡಗೈ ಒರೆನ ಹಿಡ್ದಿರ್ಬೇಕು, ಬಲಗೈ ಎಳೀಬೇಕು. ಎಡಗೈಯೇ ಇಲ್ಲದವರು ಏನ್ ಮಾಡ್ಬೇಕು? ಒರೆ ಅಲ್ಲಾಡದ ಹಾಗೆ ಎಡ ಸೊಂಟಕ್ಕೆ ಬಿಗಿಯಾಗಿ ಕೂರಿಸೋ ಚರ್ಮದ ಜೋಳಿಗೆ ಮಾಡಿದ್ರು, ಆ ಭಾರಕ್ಕೆ ಸೊಂಟದ ಪಟ್ಟಿ ಎಡಕ್ಕೆ ಜಾರುತ್ತಲ್ಲ, ಅದನ್ನ ಎತ್ತಿ ಹಿಡಿಯೋಕೆ ಬಲ ಭುಜದ ಮೇಲಿಂದ ಓರೆಯಾಗಿ ಒಂದು ಪಟ್ಟಿ, ಬಲಗಡೆ ಪಿಸ್ತೂಲು. ಅನುಕೂಲ ನೋಡಿ ಎರಡೂ ಕೈ ಇದ್ದವರೇ ಹಾಕ್ಕೊಳ್ಳೋಕೆ ಶುರು ಮಾಡಿದ್ರು, ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದ (1899-1902) ಹೊತ್ತಿಗೆ ಬ್ರಿಟಿಷ್ ಆರ್ಮಿ ತುಂಬಾ ಇದೇ. ಪೊಲೀಸಿಗೂ ಆ ದಾರಿಲೇ ಬಂತು.

ಕೈ ಹೋದ್ಮೇಲೆ ಬ್ರೌನ್ ಕೂತಿದ್ದು ಆಫೀಸಲ್ಲಲ್ಲ. 1864ರಿಂದ 1869ರವರೆಗೆ ಮರ್ದಾನ್‌ನ ಗೈಡ್ಸ್ ಪಡೆಗೆ ಕಮಾಂಡರ್, 1878ರಲ್ಲಿ ಎರಡನೇ ಅಫ್ಘಾನ್ ಯುದ್ಧ ಶುರುವಾದಾಗ ಪೇಶಾವರದಿಂದ ಖೈಬರ್ ಕಣಿವೆಗೆ ಹೋದ ಸೈನ್ಯಕ್ಕೆ ಇವರೇ ಮುಖ್ಯಸ್ಥ, ವಯಸ್ಸು 54. ನವೆಂಬರ್ 21ಕ್ಕೆ ಅಲಿ ಮಸ್ಜಿದ್ ಕೋಟೆ ಮೇಲೆ ಎದುರಿಂದ ಬಿದ್ದ ದಾಳಿ ಫಲ ಕೊಡ್ಲಿಲ್ಲ, ಆದ್ರೆ ಬೆಟ್ಟ ಸುತ್ತಿಸಿ ಹಿಂದಿನಿಂದ ಕಳಿಸಿದ್ದ ಪಡೆಯ ಭಯಕ್ಕೆ ಅಫ್ಘಾನರು ರಾತ್ರೋರಾತ್ರಿ ತೋಪು ಬಿಟ್ಟು ಹೊರಟೋದ್ರು. ಮುಂದೆ ಜಲಾಲಾಬಾದ್‌ವರೆಗೂ ಹೋಯ್ತು ಸೈನ್ಯ. 1879ರ ಮೇನಲ್ಲಿ ಅಫ್ಘಾನರ ಜೊತೆ ಗಂಡಮಕ್ ಒಪ್ಪಂದ ಆಗಿ ವಾಪಸ್ ಬರೋವಾಗ ಬೇಸಿಗೆ, ಕಾಲರಾ ಎರಡೂ ಸೇರಿ ಸಿಪಾಯಿಗಳು ದಾರಿಲೇ ಸತ್ರು.

ಬ್ರೌನ್ ತೀರ್ಕೊಂಡಿದ್ದು 1901ರ ಮಾರ್ಚ್‌ನಲ್ಲಿ, ಇಂಗ್ಲೆಂಡ್‌ನ ಐಲ್ ಆಫ್ ವೈಟ್ ದ್ವೀಪದಲ್ಲಿ. ಅವರು ಕಟ್ಟಿದ ಪಡೆಗೆ 1904ರಲ್ಲಿ ಸ್ಯಾಮ್ ಬ್ರೌನ್ಸ್ ಕ್ಯಾವಲ್ರಿ ಅಂತ ಅಧಿಕೃತವಾಗಿ ಹೆಸರಿಟ್ರು, ಈಗ ಅದರ ಪರಂಪರೆ ಇರೋದು ಪಾಕಿಸ್ತಾನದ 12ನೇ ಕ್ಯಾವಲ್ರಿ ಹತ್ರ, ಓಡಿಸೋದು ಟ್ಯಾಂಕು.