9 ವರ್ಷದ ಮಗನಿಗೆ ‘ಇಂಟರ್‌ಸ್ಟೆಲ್ಲರ್’ ತೋರಿಸಬಹುದಾ?

ನಮಸ್ಕಾರ. ನಿಮ್ಮ 9 ವರ್ಷದ ಮಗ ‘ಇಂಟರ್‌ಸ್ಟೆಲ್ಲರ್’ ಅನ್ನೋ ಬಾಹ್ಯಾಕಾಶದ ಇಂಗ್ಲಿಷ್ ಸಿನಿಮಾ ನೋಡಲೇಬೇಕು ಅಂತ ಹಟ ಹಿಡಿದಿದ್ದಾನೆ, ತೋರಿಸಬಹುದಾ ಅಂತ ಕೇಳಿದ್ದೀರಿ. ತೋರಿಸಿ. ಆದರೆ ಪಕ್ಕದಲ್ಲಿ ನೀವೂ ಕೂತಿರಿ.

ದೊಡ್ಡವರು ರಕ್ತ, ಹೊಡೆದಾಟ ಇದೆಯಾ ಅಂತಷ್ಟೇ ನೋಡುತ್ತೇವೆ. ಮಕ್ಕಳನ್ನು ಕಾಡುವುದೇ ಬೇರೆ. ಚಿತ್ರದುರ್ಗದ ನಮ್ಮ ಮನೆಯಲ್ಲಿ ಅಕ್ಕನ ಮಗಳು ಇದೇ ಸಿನಿಮಾ ನೋಡಿದಳು. ಬೇರೊಂದು ಗ್ರಹದಲ್ಲಿ ಬೆಟ್ಟದಷ್ಟು ಎತ್ತರದ ಅಲೆ ಬಂದಾಗಲೂ ಆರಾಮಾಗಿ ಮಂಡಕ್ಕಿ ತಿನ್ನುತ್ತಿದ್ದಳು. ಆ ಗ್ರಹದಲ್ಲಿ ಒಂದು ಗಂಟೆ ಅಂದರೆ ಭೂಮಿಯಲ್ಲಿ 7 ವರ್ಷ. ಮಕ್ಕಳನ್ನು ಭೂಮಿಯಲ್ಲೇ ಬಿಟ್ಟು ಹೋದ ಸಿನಿಮಾದ ಅಪ್ಪ ನೌಕೆಗೆ ವಾಪಸ್ ಬಂದು, ಅವರು ಕಳಿಸಿದ್ದ 23 ವರ್ಷಗಳ ವಿಡಿಯೊ ಸಂದೇಶ ನೋಡುತ್ತಾ ಅಳುವಾಗ ಇವಳ ಕೈ ತಟ್ಟೆಯಲ್ಲೇ ನಿಂತಿತು. ‘ಚಿಕ್ಕಮ್ಮ, ನಮ್ಮಪ್ಪ ಹಂಗೆ ಹೋಗಲ್ಲ ಅಲ್ವಾ?’ ಅಂದಳು. ಅಲ್ಲೇ ನಿಲ್ಲಿಸಿ ಸ್ವಲ್ಪ ಹೊತ್ತು ಮಾತಾಡಿದೆವು. ಆಮೇಲೆ ಅವಳೇ ‘ಹಾಕು’ ಅಂದಳು.

ನನ್ನ ಲೆಕ್ಕದಲ್ಲಿ ಮಗು ತಯಾರಾಗಿದೆ ಅನ್ನೋದಕ್ಕೆ ಇದೇ ಗುರುತು: ಭಯವಾದರೆ ಬಾಯಿಬಿಟ್ಟು ಹೇಳಬೇಕು, ಸಾಕು ಅನಿಸಿದರೆ ‘ಸಾಕು’ ಅನ್ನಬೇಕು. ಸುಮ್ನೆ ಬಿಗಿಯಾಗಿ ಕೂತು, ರಾತ್ರಿ ನಿದ್ದೆಗೆಡುವ ಮಗುವಾದರೆ ಇನ್ನೊಂದೆರಡು ವರ್ಷ ಕಾಯಿರಿ.

ಸೆನ್ಸಾರ್ ಸರ್ಟಿಫಿಕೇಟನ್ನೂ ನೋಡಿ. 2024ರ ನವೆಂಬರ್‌ನಿಂದ ‘ಯುಎ’ಯನ್ನು (ಅಂದರೆ ಮಕ್ಕಳು ದೊಡ್ಡವರ ಮಾರ್ಗದರ್ಶನದಲ್ಲಿ ನೋಡಬಹುದಾದದ್ದು) ವಯಸ್ಸಿನ ಪ್ರಕಾರ 7+, 13+, 16+ ಅಂತ ಬಿಡಿಸಿ ಕೊಡುತ್ತಿದ್ದಾರೆ. ಹಳೇ ಸಿನಿಮಾಗಳಿಗೆ ಬರೀ ‘ಯುಎ’ ಇರುತ್ತೆ, ಹಾಗಾಗಿ ಮೊದಲು ನೀವೊಮ್ಮೆ ನೋಡಿಬಿಡಿ. ‘ಎ’ ಇದ್ದರೆ ಮಾತ್ರ ಚೌಕಾಸಿ ಬೇಡ, 18 ತುಂಬಲಿ.

ಇದು ಹತ್ತಿರ ಹತ್ತಿರ ಮೂರು ಗಂಟೆಯ ಸಿನಿಮಾ. ರಾತ್ರಿ ಊಟದ ಮೇಲೆ ಬೇಡ, ಭಾನುವಾರ ಬೆಳಿಗ್ಗೆ ಹಾಕಿ.